ಬತ್ತೆ ಅಂದದ್ದು

೧ ಡಿಸೆಂಬರ್ ೧೯೯೧, ಭಾನುವಾರ. ಬಿಣಗಾ

ಕೊನೆಗೂ ನನ್ನೂರು ಶೆಟಗೇರಿಯ ಹುಡುಗರು ಈ ವರ್ಷ ನನ್ನ ನಾಟಕವನ್ನೇ ಆಡುವುದೆಂದು ಒಪ್ಪಿದರು. ಹುಡುಗರು ಅಂತ ಹೆಸರಿಗೆ. ಎಲ್ಲರಿಗೂ ಮಂಡಿ ನೋವು ಶುರುವಾಗಿದೆ. ಜನವರಿ ಹದಿನೆಂಟರ ಶನಿವಾರ, ಶಾಲೆಯ ಬಯಲಿನಲ್ಲಿ. ‘ಬಾರದ ದೋಣಿ’, ರಚನೆ ಮಂಗೇಶ ಶೆಟಗೇರಿ. ಕರಪತ್ರದಲ್ಲಿ ಹೆಸರು ಹೇಗೆ ಕಾಣಬಹುದೆಂದು ಬಸ್ಸಿನಲ್ಲಿ ಬರುವಾಗ ಟಿಕೆಟಿನ ಹಿಂದೆ ಬರೆದು ನೋಡಿದೆ. ನಾಚಿಕೆ ಇಲ್ಲದ ಮನುಷ್ಯ ನಾನು.

ಆ ಖುಷಿಗೇ ಈ ಡೈರಿ. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ದಿನವಿಡೀ ಬೇರೆಯವರು ಬಂದ ಹೊತ್ತು, ಹೋದ ಹೊತ್ತು ಬರೆಯುವವನು ಒಮ್ಮೆ ತನ್ನದೂ ಬರೆದುಕೊಳ್ಳಲಿ.

ಕಥೆ ದೊಡ್ಡದಲ್ಲ. ಗಂಗಾವಳಿ ಹೊಳೆಯ ಆಚೆ ದಡದಲ್ಲಿ ಹುಡುಗ, ಈಚೆ ದಡದಲ್ಲಿ ಹುಡುಗಿ. ಮನೆಯವರು ಒಪ್ಪುವುದಿಲ್ಲ. ಓಡಿಹೋಗೋಣವೆಂದು ಹುಡುಗ ಅಂಬಿಗನ ಕೈಯಲ್ಲಿ ಸುದ್ದಿ ಕಳಿಸುತ್ತಾನೆ. ಅಂಬಿಗನಿಗೆ ಜ್ವರ, ಸುದ್ದಿ ಮುಟ್ಟುವುದಿಲ್ಲ. ಹುಡುಗಿ ಕೈಬಿಟ್ಟಳೆಂದು ಅವನು ಹೊಳೆಗೆ ಹಾರುತ್ತಾನೆ, ಅವನ ಹಿಂದೆ ಅವಳು. ಎರಡು ಹೆಣಗಳ ಮುಂದೆ ನಿಂತು ಅಂಬಿಗ ‘ಯಾರದೂ ತಪ್ಪಿಲ್ಲ, ಎಲ್ಲ ವಿಧಿಯ ಆಟ’ ಎಂದು ಒಂದು ಪುಟದ ಮಾತು ಹೇಳುತ್ತಾನೆ. ಆ ಒಂದು ಪುಟ ಬರೆಯಲು ನನಗೆ ಎರಡು ಮಳೆಗಾಲ ಹಿಡಿದವು. ನಿರ್ದೇಶನ ಸೈಕಲ್ ಅಂಗಡಿಯ ಜಟ್ಟಪ್ಪನದು. ನಾನು ಎಂದಿನ ಹಾಗೆ ಪರದೆಯ ಪಕ್ಕ ಕೂತು, ಮರೆತವರಿಗೆ ಮಾತು ಕೊಡುವವನು. ನನ್ನ ಮುಖ ಬಣ್ಣಕ್ಕೆ ಆಗುವುದಿಲ್ಲವಂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಹೌದ್ರಾ?” ಅಂದಳು, ಕಾಳು ಹಸನು ಮಾಡುವುದು ಬಿಡಲಿಲ್ಲ. ಮದುವೆಯಾಗಿ ಎಂಟು ವರ್ಷ. ಮಕ್ಕಳಾಗಲಿಲ್ಲ, ಜಗಳವೂ ಆಗಲಿಲ್ಲ. ಒಂದೇ ಸೂರಿನಡಿ ಇದ್ದರೂ ಇವಳು ಬೇರೆ ಊರಿನಲ್ಲಿ ಇದ್ದಾಳೆ ಅನ್ನಿಸುತ್ತದೆ. ಯಾಕೆಂದು ನನಗೆ ಗೊತ್ತು. ಬರೆಯುವ ಧೈರ್ಯ ಇವತ್ತಿಲ್ಲ.

೮ ಡಿಸೆಂಬರ್, ಭಾನುವಾರ

ಮೊದಲ ತಾಲೀಮು. ಅಂಬಿಗನ ಪಾತ್ರ ಹುಲಿಯಾನದು. ಊರ ಗದ್ದೆಯಲ್ಲೆಲ್ಲ ಕೂಲಿ ಮಾಡುವ ಮನುಷ್ಯ, ಐವತ್ತು ದಾಟಿದೆ, ಓದು ಬಾರದು, ಸ್ವರ ಮಾತ್ರ ಆಚೆ ಕೇರಿಗೂ ಕೇಳುತ್ತದೆ. ನಾನು ಓದಿ ಹೇಳಬೇಕು, ಅವನು ಕೇಳಿ ಕಲಿಯಬೇಕು. ಕೊನೆಯ ಪುಟಕ್ಕೆ ಬಂದಾಗ ಎದ್ದು ನಿಂತ.

“ನಂಗೊಂದ್ ಅರ್ಥ ಆಗೂದಿಲ್ಲ ಕವಿಗಳೇ. ಅಂಬಿಗಂಗೆ ಜ್ವರ ಬಂತು, ಸಮ. ಬಾಯಿಗೂ ಜ್ವರ ಬಂತಾ? ಹೆಂಡ್ತಿ ಹತ್ರ ಹೇಳಿ ಕಳ್ಸೂಕೆ ಆಗ್ತಿರ್ಲಿಲ್ವಾ?”

“ಅದು ವಿಧಿ ಮಾರಾಯಾ,” ಅಂದ ಜಟ್ಟಪ್ಪ. “ವಿಧಿ ಅಂದ್ಮೇಲೆ ಮುಗೀತು. ಕೂತ್ಕ.”

“ನಿನ್ನ ಅಂಗಡಿಲಿ ಟ್ಯೂಬ್ ಪಂಚರ್ ಆದ್ರೆ ವಿಧಿ ಅಂತ್ಯಾ, ಮೊಳೆ ಹುಡುಕ್ತ್ಯಾ?” ಎಲ್ಲರೂ ನಕ್ಕರು. ಹುಲಿಯಾ ನಗಲಿಲ್ಲ. “ನಂಗೆ ಕಾಣೂದು ಹೀಂಗೆ. ಅಂಬಿಗಂಗೂ ಆ ಹುಡ್ಗಿ ಬೇಕಾಗಿತ್ತು. ಅದ್ಕೇ ಬಾಯಿ ಮುಚ್ಕಂಡ.”

ಮತ್ತೆ ನಗು. ನಾನೂ ನಕ್ಕೆ. ಚಹಾಕ್ಕೆ ಕರೆದರೂ ನಿಲ್ಲದೆ ಬಸ್ ಸ್ಟಾಪಿಗೆ ನಡೆದೆ.

೧೨ ಡಿಸೆಂಬರ್, ಗುರುವಾರ

ಟೈಮ್ ಆಫೀಸಿನಲ್ಲಿ ಮೂವರ ಕಾರ್ಡಿಗೆ ತಪ್ಪು ಹೊತ್ತು ಬರೆದೆ. ಸಾಹೇಬ ಕರೆದು ಬೈದ. ಹುಲಿಯಾನನ್ನು ಬದಲಿಸಿ ಬೇರೆಯವನನ್ನು ಹಾಕು ಎಂದು ಜಟ್ಟಪ್ಪನಿಗೆ ಹೇಳಿದರೆ ಹೇಗೆ?

೧೫ ಡಿಸೆಂಬರ್, ಭಾನುವಾರ

ನಾಯಕಿ ಹುಬ್ಬಳ್ಳಿಯಿಂದ ಬರುವ ನಟಿ. ನಾಟಕದ ದಿನ ಮಧ್ಯಾಹ್ನವೇ ಬರುವುದು. ಅಲ್ಲಿಯವರೆಗೆ ತಾಲೀಮಿನಲ್ಲಿ ಹೆಣ್ಣಿನ ಮಾತನ್ನೂ ನಾನೇ ಓದಬೇಕು. ನನ್ನ ಗೊಗ್ಗರು ಸ್ವರದಲ್ಲಿ ‘ಪ್ರಿಯಾ’ ಅಂದರೆ ನಾಯಕನಿಗೆ ನಗು ತಡೆಯುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡೋಣವೆಂದು ಕೂತೆ. ಇವಳು ನೋಡಿ ನೋಡಿ, ಕೈ ಒರೆಸಿಕೊಂಡು ಬಂದು, “ಕೊಡಿ ಇಲ್ಲಿ” ಎಂದು ಪುಸ್ತಕ ತೆಗೆದುಕೊಂಡಳು.

ಎಷ್ಟು ಚೆನ್ನಾಗಿ ಓದಿದಳು! ನನಗೆ ಗೊತ್ತೇ ಇರಲಿಲ್ಲ. ಹೊಳೆದಂಡೆಯ ದೃಶ್ಯದಲ್ಲಿ ನಾಯಕಿ ‘ನಾನಿನ್ನು ಹೋಗುತ್ತೇನೆ, ಮರೆಯದಿರು’ ಅನ್ನುತ್ತಾಳೆ. ಅಲ್ಲಿ ನಿಂತಳು.

“ಇದು ತಪ್ಪು.”

“ಯಾಕೆ, ವ್ಯಾಕರಣ ಸರಿ ಇದೆಯಲ್ಲ?”

“ವ್ಯಾಕರಣ ಯಾರಿಗೆ ಬೇಕು? ಹೊರಡೂವಾಗ ‘ಹೋಗ್ತೆ’ ಅಂತ ಯಾರಾದ್ರೂ ಬಾಯಿ ಬಿಟ್ಟು ಹೇಳ್ತ್ರಾ? ಅದು ಅಶುಭ. ‘ಬತ್ತೆ’ ಅಂತ್ರು.”

“ಬತ್ತೆ ಅಂದರೆ ಕೇಳುವವರು ಬರುತ್ತಾಳೆ ಅಂತಲೇ ತಿಳಿದುಕೊಂಡರೆ?” ಬಾಯಿ ತಪ್ಪಿ ಬಂದುಬಿಟ್ಟಿತು.

ಅವಳು ನನ್ನನ್ನೊಮ್ಮೆ ನೋಡಿದಳು. “ತಿಳ್ಕಣೂರು ಹೆಂಗೆ ಬೇಕಾದ್ರೂ ತಿಳ್ಕಣ್ತ್ರು,” ಅಂದು ಪುಸ್ತಕ ನನ್ನ ಮಡಿಲಿಗಿಟ್ಟು ಅನ್ನ ನೋಡಲು ಒಳಗೆ ಹೋದಳು.

೧೬ ಡಿಸೆಂಬರ್, ಸೋಮವಾರ

ರಜೆ ಹಾಕಿದೆ. ಇವಳು ಬಟ್ಟೆ ಒಗೆಯಲು ಹೋಗಿದ್ದಾಳೆ. ಬರೆದೇ ಬಿಡುತ್ತೇನೆ.

ಎಂಬತ್ತೆರಡರ ಫೆಬ್ರವರಿ. ಬೇಲೆಕೇರಿ ಬಂದರಿನಲ್ಲಿ ಅದಿರಿನ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ, ನನಗೂ ಸತೀಶನಿಗೂ. ಅವನು ಕಾರವಾರದ ಕೊಂಕಣಿ ಮನೆಯವನು, ಬೇರೆ ಜಾತಿ. ಹೀರಾ ಅಲ್ಲೇ ನನ್ನ ಸೋದರತ್ತೆಯ ಪಕ್ಕದ ಮನೆಯ ಹುಡುಗಿ. ಅವರಿಬ್ಬರಿಗೂ ಪ್ರೀತಿ. ಅತ್ತೆಮನೆ ನೆಪದಲ್ಲಿ ನಡುವೆ ಸುದ್ದಿ ಒಯ್ಯುವವನು ನಾನು. ಒಯ್ಯುತ್ತ ಒಯ್ಯುತ್ತ ನನಗೇ ಅವಳ ಹುಚ್ಚು ಹಿಡಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ಸತೀಶನಿಗೆ ವಾಸ್ಕೋದಲ್ಲಿ ಕೆಲಸವಾಯಿತು. “ಶುಕ್ರವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಅಂಕೋಲೆಯಿಂದ ಹೊರಡ್ತೆ, ಹೀರಾಗೆ ಹೇಳು,” ಅಂದ. ‘ನೀನೂ ಬಾ’ ಅಂತ ಹೇಳು ಅನ್ನಲಿಲ್ಲ, ಅವನಿಗೆ ಬಿಂಕ. ಅವಳು ಬರಲಿ ಎಂಬುದೇ ಅವನ ಆಸೆಯೆಂದು ಮೂವರಿಗೂ ಗೊತ್ತಿತ್ತು. ಹೋಗಿ ಹೇಳಿದೆ. ಹೀರಾ ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಕಾಲಿನಿಂದ ಹರವುತ್ತಿದ್ದಳು. ತಲೆ ಎತ್ತದೆ, “ಬತ್ತೆ ಅಂದೆ ಅಂತ ಹೇಳು,” ಅಂದಳು.

ಅಷ್ಟನ್ನೇ ಸತೀಶನಿಗೆ ಮುಟ್ಟಿಸಿದೆ. ಅವನ ಮುಖ ಬಿಳಿಚಿತು. ಅವನ ಮನೆಯಲ್ಲೂ ಹೊರಡುವಾಗ ‘ಯೇತಾಂ’ ಅನ್ನುವವರೇ, ಬರುತ್ತೇನೆ ಅಂದರೆ ಹೋಗುತ್ತೇನೆ ಎಂದೇ. “ಬತ್ತೆ ಅಂದ್ಲಾ? ಅಷ್ಟೇನಾ? ಸರಿ, ಮುಗೀತು,” ಅಂದ. ತನ್ನನ್ನು ಬೀಳ್ಕೊಟ್ಟಳೆಂದು ತಿಳಿದ. “ಅಲ್ಲ ಮಾರಾಯಾ, ಹೀರಾ ಬಸ್ಸಿಗೆ ಬತ್ತದೆ,” ಎಂದರೆ ಸಾಕಿತ್ತು. ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವನು ಶುಕ್ರವಾರಕ್ಕೂ ಕಾಯದೆ ಗುರುವಾರವೇ ಖಾಲಿ ಲಾರಿ ಹತ್ತಿ ಹೋದ.

ಶುಕ್ರವಾರ ನಾನು ಅಂಕೋಲೆಯ ಕಡೆ ಮುಖ ಹಾಕಲಿಲ್ಲ. ಗಂಟು ಹಿಡಿದು ಸ್ಟ್ಯಾಂಡಿನಲ್ಲಿ ನಿಂತ ಹೀರಾ, ಎಂಟರ ಬಸ್ಸು ಹೋದ ಮೇಲೂ ನಿಂತ ಹೀರಾ, ಇದನ್ನು ನಾನು ಕಾಣದೆಯೇ ಸಾವಿರ ಸಲ ಕಂಡಿದ್ದೇನೆ. ಮರುವರ್ಷ ನನ್ನ ಅಪ್ಪ ಹೋಗಿ ನನಗೆಂದು ಹೀರಾಳನ್ನೇ ಹೆಣ್ಣು ಕೇಳಿದ. ಕೊಟ್ಟರು. ಸತೀಶನಿಗೆ ವಾಸ್ಕೋದಲ್ಲಿ ಹೆಂಡತಿ, ಇಬ್ಬರು ಮಕ್ಕಳಂತೆ.

ನಮ್ಮಲ್ಲಿ ಯಾರೂ ಸಾಯಲಿಲ್ಲ. ನಾಟಕದಲ್ಲಿ ಮಾತ್ರ ಸಾಯಿಸಿ, ವಿಧಿ ಅಂತ ಬರೆದೆ. ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಸುಳ್ಳು.

೨೫ ಡಿಸೆಂಬರ್, ಬುಧವಾರ

ರಜೆ. ಇವಳನ್ನು ಕಾರವಾರದ ಕಡಲ ದಂಡೆಗೆ ಕರೆದುಕೊಂಡು ಹೋದೆ. ಮದುವೆಯ ಹೊಸತರಲ್ಲಿ ಒಮ್ಮೆ ಹೋದದ್ದು ಬಿಟ್ಟರೆ ಇದೇ. ಮರಳಿನಲ್ಲಿ ಕೂತು ಶೇಂಗಾ ತಿಂದೆವು. ಅವಳು ಬಡಗು ದಿಕ್ಕಿಗೇ ನೋಡುತ್ತಿದ್ದಳು. ಆ ಕಡೆ ಗೋವೆ, ಆ ಕಡೆ ವಾಸ್ಕೋ.

“ಎಂತ ನೋಡ್ತಿದ್ದೆ?” ಕೇಳಿದೆ.

“ಆ ಹೆಂಗ್ಸು ನೋಡಿ, ಒಂದೇ ಚಪ್ಪಲಿ ಹಾಕ್ಕಂಡ್ ಓಡಾಡ್ತು. ಇನ್ನೊಂದು ಕಡ್ಲಿಗೆ ಹೋತಾ ಏನೋ,” ಅಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ವಾಸ್ಕೋ ಕಂಡವನು ನಾನೊಬ್ಬನೇ. ಬರುವಾಗ ಬಸ್ಸಿನಲ್ಲಿ ಜಾಗವಿಲ್ಲದೆ ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದೆ ನಿಂತು. ಅವಳ ತಲೆಯ ಹಿಂಭಾಗವನ್ನು ಬಿಣಗಾ ಬರುವವರೆಗೆ ನೋಡಿದೆ. ಎರಡು ಕೂದಲು ಬೆಳ್ಳಗಾಗಿವೆ. ಮುಟ್ಟಬೇಕು ಅನ್ನಿಸಿತು. ಹೆಂಡತಿಯನ್ನು ಮುಟ್ಟಲು ಇಷ್ಟೊಂದು ಆಸೆಪಡುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

೫ ಜನವರಿ ೧೯೯೨, ಭಾನುವಾರ

ಹುಬ್ಬಳ್ಳಿಯ ನಟಿಗೆ ಕಳಿಸುವ ಪ್ರತಿಯಲ್ಲಿ ‘ಹೋಗುತ್ತೇನೆ’ ಹೊಡೆದು ‘ಬತ್ತೆ’ ಮಾಡಿದೆ. ಕೊನೆಯ ಪುಟವನ್ನೂ ತಿದ್ದೋಣವೇ ಎಂದು ಮೆಲ್ಲಗೆ ಕೇಳಿದೆ. ಜಟ್ಟಪ್ಪ ಹಾರಿಬಿದ್ದ. “ತಲೆ ಸಮ ಇದ್ಯಾ ನಿಂಗೆ? ಜನ ಅಳೂಕೆ ಬತ್ರು. ಯಾರ್ದೂ ತಪ್ಪಿಲ್ಲ ಅಂದ್ರೆ ಎಲ್ರೂ ಆರಾಮಾಗಿ ಅಳ್ತ್ರು. ತಪ್ಪು ಯಾರ್ದು ಅಂತ ಸುರು ಮಾಡಿದ್ರೆ ಅಲ್ಲೇ ಜಗಳ.” ಅವನು ಹೇಳಿದ್ದು ಸುಳ್ಳಲ್ಲ. ನಾನೂ ಹತ್ತು ವರ್ಷ ಆರಾಮಾಗಿಯೇ ಇದ್ದೆನಲ್ಲ.

೧೨ ಜನವರಿ, ಭಾನುವಾರ

ಈ ವಾರ ಮೂರು ಸಲ ಹೀರಾ ಎದುರು ಬಾಯಿ ತೆರೆದೆ. ಒಮ್ಮೆ ಉಪ್ಪಿನಕಾಯಿ ಕೇಳಿದೆ. ಒಮ್ಮೆ ಗಂಟೆ ಎಷ್ಟೆಂದು ಕೇಳಿದೆ, ಗಡಿಯಾರ ನನ್ನ ಕೈಯಲ್ಲೇ ಇತ್ತು. ಮೂರನೆಯ ಸಲ ಅವಳೇ, “ಹೊಟ್ಟೆ ಸರಿ ಇಲ್ವಾ?” ಅಂದಳು.

೧೯ ಜನವರಿ, ಭಾನುವಾರ

ನಿನ್ನೆ ನಾಟಕವಾಯಿತು. ಬಯಲು ತುಂಬಿತ್ತು. ಹೀರಾ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ಪಕ್ಕದ ಪರದೆಯ ಸಂದಿಯಿಂದ ನನಗೆ ಅವಳ ಅರ್ಧ ಮುಖ ಕಾಣುತ್ತಿತ್ತು.

ಎಲ್ಲ ಚೆನ್ನಾಗಿ ನಡೆಯಿತು. ಇಬ್ಬರೂ ಸತ್ತರು. ಹುಲಿಯಾ ಹೆಣಗಳ ಮುಂದೆ ಬಂದು ನಿಂತ. ನಿಂತ, ನಿಂತೇ ಇದ್ದ. ಮಾತು ಮರೆತಿದ್ದ. ನನ್ನ ಕಡೆ ನೋಡಿದ. ‘ಯಾರದೂ ತಪ್ಪಿಲ್ಲ’ ಎಂದು ಎತ್ತಿಕೊಡಬೇಕು, ಪುಟ ನನ್ನ ಕೈಯಲ್ಲಿದೆ, ಬ್ಯಾಟರಿ ಬೆಳಕು ಅದರ ಮೇಲಿದೆ. ಬಾಯಿಂದ ಬಂದದ್ದು ಬೇರೆ. ನಾನು ಪಿಸುಗುಟ್ಟಿದ್ದನ್ನು ಹುಲಿಯಾ ತನ್ನ ಮಾತಿನಲ್ಲಿ ಬಯಲಿಗೆಲ್ಲ ಕೇಳುವ ಹಾಗೆ ಹೇಳಿದ. “ಸುದ್ದಿ ನನ್ ಬಾಯಲ್ಲೇ ಇತ್ತು. ನಾ ಹೇಳ್ಲಿಲ್ಲ. ಜ್ವರ ಸುಳ್ಳು. ನಂಗೂ ಆ ಹುಡ್ಗಿ ಬೇಕಾಗಿತ್ತು.”

ಚಪ್ಪಾಳೆ ಬರಲಿಲ್ಲ. ಹಿಂದಿನಿಂದ ಯಾರೋ “ಥೂ ನಿನ್ನ!” ಅಂದರು. ಜಟ್ಟಪ್ಪ ಪರದೆ ಬಿಟ್ಟ. ಈ ಜನ್ಮದಲ್ಲಿ ಅವನು ನನ್ನೊಡನೆ ಮಾತಾಡುವುದಿಲ್ಲವಂತೆ.

ಇವತ್ತು ಬೆಳಿಗ್ಗೆ ಮನೆಗೆ ಬಂದೆವು. ಹೀರಾ ಚಹಾ ತಂದಿಟ್ಟು ಎದುರಿಗೇ ಕೂತಳು.

“ಆ ಮಾತು ಪುಸ್ತಕದಲ್ಲಿ ಇರ್ಲಿಲ್ಲ. ನಾ ಓದಿದ್ದೆ ಅಲ್ದಾ.”

ಹೇಳಿದೆ. ಸತೀಶನ ಮುಖ ಬಿಳಿಚಿದ್ದು, ನಾನು ಸುಮ್ಮನಿದ್ದದ್ದು, ಸ್ಟ್ಯಾಂಡಿನಲ್ಲಿ ಅವಳನ್ನು ಒಬ್ಬಳನ್ನೇ ನಿಲ್ಲಿಸಿದ್ದು, ಎಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿದಳು.

“ನಾ ಸ್ಟ್ಯಾಂಡಿಗೆ ಹೋಗಿದ್ದೆ ಅಂತ ನಿಂಗ್ ಯಾರ್ ಹೇಳ್ದ್ರು?”

ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ‘ನೀ’ ಅಂದಳು.

“ಹೋಗಲಿಲ್ವಾ?”

“ಇಲ್ಲ. ಮನೆಲೇ ಇದ್ದೆ.”

“ಹಾಗಾದರೆ ಬತ್ತೆ ಅಂದದ್ದು?”

ಅವಳು ಲೋಟ ಪಕ್ಕಕ್ಕೆ ಸರಿಸಿದಳು. “ಎರಡೂ ಆಗೂ ಹಂಗೆ ಹೇಳ್ದೆ. ಬತ್ತೆ ಅಂದ್ರೆ ಬತ್ತೆ, ಬತ್ತೆ ಅಂದ್ರೆ ಹೋಗ್ತೆ. ಅಂವ ಬಾ ಅಂತ ಹೇಳಿ ಕಳ್ಸಿರ್ಲಿಲ್ಲ. ನಾ ಯಾಕೆ ಬಾಯಿ ಬಿಡ್ಲಿ? ಅಂವ ಯಾವ್ದು ತಕಣ್ತ ನೋಡ್ವಾ ಅಂದ್ಕಂಡೆ. ಅರ್ಥ ಆಗ್ದೆ ಇದ್ರೆ ಕೇಳೂಕಾದ್ರೂ ಬತ್ತ ಅಂತ ಶುಕ್ರವಾರ ಇಡೀ ದಿವ್ಸ ಕಾದೆ. ಬರ್ಲಿಲ್ಲ. ಹಣೆಬರಹ ಅಂದೆ. ಅಪ್ಪಂಗೆ ಹೆದ್ರಿ ಮನೆಲಿ ಕೂತಂವಳು ನಾನೇ. ಹೆದ್ರಿಕೆಗೆ ಹಣೆಬರಹ ಅಂತ ಹೆಸ್ರಿಟ್ಟೆ.”

ಹತ್ತು ವರ್ಷದ ಮೂಟೆ ಬೆನ್ನಿನಿಂದ ಜಾರಿದ ಹಾಗಾಯಿತು. ಮೂರ್ಖ, ಬಾಯಿ ಬಿಟ್ಟೇಬಿಟ್ಟೆ. “ಹಾಗಾದರೆ ನನ್ನದೇನೂ ತಪ್ಪಿಲ್ಲ!”

ಹೀರಾ ಎದ್ದು ನಿಂತಳು. ಅವಳ ಸಿಟ್ಟು ನಾನು ಕಂಡದ್ದು ಇವತ್ತೇ.

“ನಿಂದು ಬೇರೆ ತಪ್ಪು. ಹತ್ತು ವರ್ಷ ಒಳಗೇ ಇಟ್ಕಂಡೆ. ಕಡೀಗೆ ಹೇಳ್ದದ್ದಾದ್ರೂ ಯಾರ್ ಬಾಯಲ್ಲಿ? ಹುಲಿಯಾನ ಬಾಯಲ್ಲಿ! ಇಡೀ ಊರಿನ ಎದ್ರಿಗೆ! ಆವಾಗ ಸತೀಶನ ಸುದ್ದಿ ಹೊತ್ಕಂಡ್ ಬಂದೆ. ಮದ್ವೆಗೆ ಕೇಳೂಕೆ ನಿನ್ನಪ್ಪ ಬಂದ್ರು. ನೀ ಯಾವತ್ತು ಬಂದೆ?”

ಅವಳು ಮಧ್ಯಾಹ್ನದ ಬಸ್ಸಿಗೆ ತವರಿಗೆ, ಬೇಲೆಕೇರಿಗೆ ಹೊರಟುಹೋದಳು. ಹೊರಡುವಾಗ ‘ಬತ್ತೆ’ ಅನ್ನಲಿಲ್ಲ.

೨೦ ಜನವರಿ, ಸೋಮವಾರ

ಅನ್ನ ಸೀದುಹೋಯಿತು.

೨೩ ಜನವರಿ, ಗುರುವಾರ

ಸತೀಶನ ನೆನಪು ಒಂದು ಸಲವೂ ಬರಲಿಲ್ಲ ಎಂದು ಇವತ್ತು ಟೈಮ್ ಆಫೀಸಿನಲ್ಲಿ ಕೂತಾಗ ಹೊಳೆಯಿತು. ಸ್ಟ್ಯಾಂಡಿನಲ್ಲಿ ನಿಂತ ಹುಡುಗಿಯೂ ಬರಲಿಲ್ಲ. ಬರುವುದು ಬಾಯಿಗೆ ಸೆರಗು ಹಿಡಿದು ನಗುವವಳು, ಸೀರೆ ಉಡುವಾಗ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಳ್ಳುವವಳು. ಮನೆಗೆ ಬಂದರೆ ಪಾತ್ರೆಗಳು ಅವಳಿಟ್ಟ ಹಾಗೆಯೇ ಇವೆ. ಮುಟ್ಟಲು ಮನಸ್ಸಿಲ್ಲದೆ ಹೋಟೆಲಿನಲ್ಲಿ ತಿನ್ನುತ್ತಿದ್ದೇನೆ.

೨೬ ಜನವರಿ, ಭಾನುವಾರ

ಮಾತು ಬಿಟ್ಟಿದ್ದ ಜಟ್ಟಪ್ಪ ತಾನೇ ಬಂದ. ಸುದ್ದಿ ಮುಟ್ಟಿರಬೇಕು. “ನಾ ಬೇಲೆಕೇರಿಗೆ ಹೋಗಿ ಸಮಾಧಾನ ಮಾಡ್ಕಂಡ್ ಬತ್ತೆ. ನೀ ಏನ್ ಹೇಳ್ಬೇಕೋ ನನ್ನ ಹತ್ರ ಹೇಳು,” ಅಂದ. ಒಳ್ಳೆಯ ಮನುಷ್ಯ. ಹೂಂ ಅನ್ನಲು ಬಾಯಿ ತೆರೆದಿದ್ದೆ, ದೇವರಾಣೆ. ಎಷ್ಟು ಸುಲಭ! ಹೇಳಿಕೊಟ್ಟು ಮನೆಯಲ್ಲಿ ಕೂತರಾಯಿತು. ಬೇಡ ಅಂದೆ. ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಲು ಮರೆತೆ, ಅವನು ಹೇಳದೆ ಕುಡಿದ.

೨ ಫೆಬ್ರವರಿ, ಭಾನುವಾರ

ಬೇಲೆಕೇರಿಗೆ ಹೋದೆ. ಬಸ್ಸಿನಲ್ಲಿ ಅರ್ಧ ಪುಟದ ಮಾತು ಕೂಡಿಸಿಕೊಂಡಿದ್ದೆ, ಇಳಿಯುವಷ್ಟರಲ್ಲಿ ಒಂದಕ್ಷರ ಉಳಿದಿರಲಿಲ್ಲ.

ಹೀರಾ ಮನೆಯ ಹಿಂದೆ ಹರಿವೆ ಮಡಿಗೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿದಳು. ಕೊಡ ಕೆಳಗಿಡಲಿಲ್ಲ.

“ಯಾರ ಸುದ್ದಿ ತಂದೆ?”

“ಯಾರದೂ ಅಲ್ಲ. ನಂದೇ.”

“ಹೇಳು ಹಂಗಾರೆ.”

ಹೇಗೋ ಹೇಳಿದೆ. “ನಂಗೆ ನಿನ್ನ ಬಿಟ್ಟು ಇರೂಕೆ ಆಗೂದಿಲ್ಲ ಹೀರಾ. ಆವಾಗ್ಲೂ ನೀ ಬೇಕಾಗಿತ್ತು. ಅದ್ಕೇ ಸುಮ್ನಿದ್ದೆ. ಬೇರೆ ಯಾರ್ದೂ ಅಲ್ಲ, ನಂದೇ ಕೆಲ್ಸ ಅದು. ಈಗ್ಲೂ ನೀ ಬೇಕು. ನನ್ನ ಸಂಗಡ ಬತ್ಯಾ?”

ಅವಳು ಕೊನೆಯ ಮಡಿಗೂ ನೀರು ಹಾಕಿ ಮುಗಿಸಿದಳು. ಕೊಡ ಬೋರಲಿಟ್ಟಳು.

“ಆವಾಗ ಹೀಂಗೆ ಬಂದು ಕೇಳಿದ್ರೆ ಇಲ್ಲ ಅಂತಿದ್ದೆ. ಗೊತ್ತದ್ಯಾ?”

“ಗೊತ್ತು.”

“ಗೊತ್ತಿದ್ದೇ ಕೇಳ್ಲಿಲ್ಲ, ಅಲ್ದಾ?”

“ಹೌದು.”

ಹಿಂಬಾಗಿಲಲ್ಲಿ ಅವಳ ಅಪ್ಪ, ಅಮ್ಮ ಇಬ್ಬರೂ ಬಂದು ನಿಂತಿದ್ದರು. ಪಕ್ಕದ ಅಂಗಳದಿಂದ ನನ್ನ ಸೋದರತ್ತೆಯೂ ಇಣುಕುತ್ತಿದ್ದಳು. ನಾನು ತಲೆ ತಗ್ಗಿಸಿದೆ.

“ಈಗ?” ಕೇಳಿದೆ.

“ಈಗ ಇನ್ನೊಂದ್ ಸಲ ಕೇಳು. ಗಟ್ಟಿ ಕೇಳು. ಅಪ್ಪಂಗೂ ಕೇಳ್ಲಿ.”

ಗಟ್ಟಿಯಾಗಿ ಕೇಳಿದೆ.

“ಹೂಂ,” ಅಂದಳು.